‘ಇರು’ ಅನ್ನಲು ಫಾರಂ ಇಲ್ಲ

2016ರ ಮಾರ್ಚ್ ತಿಂಗಳು. ಆಗ ನಾನು ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಬಳಿಯ ಒಂದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಕಂಪ್ಲಯನ್ಸ್ ಆಫೀಸರ್ ಆಗಿದ್ದೆ. ವಿಶ್ವವಿದ್ಯಾಲಯ ಯಾವುದೆಂದು ಹೇಳುವುದಿಲ್ಲ, ಇಲ್ಲಿ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ. ಬೇರೆಯವರ ಗುಟ್ಟು ಕಾಯುವುದೇ ನನ್ನ ಹೊಟ್ಟೆಪಾಡಾಗಿತ್ತು. ನಿವೃತ್ತಿಯಾದ ಮಾತ್ರಕ್ಕೆ ಆ ಚಟ ಬಿಟ್ಟುಹೋಗುವುದಿಲ್ಲ.

ಕಂಪ್ಲಯನ್ಸ್ ಎಂದರೇನು ಎಂದು ಗದಗಿನಲ್ಲಿರುವ ನನ್ನ ಅಣ್ಣನಿಗೆ ವರ್ಷಗಟ್ಟಲೆ ಫೋನಿನಲ್ಲಿ ವಿವರಿಸಿದ್ದೇನೆ. ಅಮೆರಿಕದಲ್ಲಿ ಕಾಲೇಜು ಕ್ರೀಡೆ ದೊಡ್ಡ ವ್ಯವಹಾರ. ಅದಕ್ಕೆ ದಿಂಬಿನಷ್ಟು ದಪ್ಪದ ನಿಯಮಗಳ ಪುಸ್ತಕವಿದೆ. ಆಟಗಾರರು ವಾರಕ್ಕೆ ಇಪ್ಪತ್ತು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡುವಂತಿಲ್ಲ. ಶಾಲೆಯಲ್ಲಿ ಓದುತ್ತಿರುವ ಹುಡುಗರನ್ನು ತಂಡಕ್ಕೆ ಕರೆಯಲು ಕೋಚ್ ಇಂಥ ತಿಂಗಳಲ್ಲಿ ಮಾತ್ರ ಫೋನ್ ಮಾಡಬಹುದು. ಯಾರು ಯಾರಿಗೆ ಊಟ ಕೊಡಿಸಿದರು, ಯಾರ ಅಂಕ ಕಡಿಮೆಯಾಯಿತು, ಯಾರು ಕಾಲೇಜು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದಾರೆ, ಎಲ್ಲಕ್ಕೂ ಒಂದೊಂದು ನಿಯಮ, ಒಂದೊಂದು ಫಾರಂ. ಇವೆಲ್ಲ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲ ಕೇಳಿದ ಮೇಲೆ ಅಣ್ಣ, “ಅಂದ್ರ ನೀ ಆಟದಾಗಿನ ಪೊಲೀಸ” ಎಂದು ಕಡ್ಡಿ ಮುರಿದಂತೆ ಹೇಳಿ ಮುಗಿಸಿದ. ತಪ್ಪೇನಿಲ್ಲ. ನಾನು ಕಾರಿಡಾರಿನಲ್ಲಿ ಬಂದರೆ ಕೋಚ್‌ಗಳ ದನಿ ತಾನಾಗಿ ಇಳಿಯುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ, ಪೊಲೀಸರನ್ನು ಪಂಕ್ತಿಗೆ ಕರೆಯುವವರು ಯಾರು?

ಮನೆಯಲ್ಲೂ ಹೆಚ್ಚೇನೂ ಬೇರೆ ಇರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಕ್ಯಾರಲ್ಟನ್‌ನ ಮನೆ ಮಾರಿ ರಿಚರ್ಡ್‌ಸನ್‌ನಲ್ಲಿ ಒಂದೇ ಬೆಡ್‌ರೂಮಿನ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆಗಿದ್ದೆ. ನಮಗೆ ಮಕ್ಕಳಿಲ್ಲ. ಸುತ್ತಮುತ್ತ ಬೆಂಗಳೂರು, ದಾವಣಗೆರೆ, ಮಂಗಳೂರಿನಿಂದ ಎಂ.ಎಸ್. ಓದಲು ಬಂದ ಹುಡುಗರು ನಾಲ್ಕು ನಾಲ್ಕು ಜನ ಒಂದೊಂದು ಮನೆಯಲ್ಲಿದ್ದರು. ಅವರಿಗೆ ನಾನು ಆಂಟಿ. ಮೊಸರಿಗೆ ಹೆಪ್ಪು ಬೇಕಾದಾಗ ಬಾಗಿಲು ತಟ್ಟುತ್ತಿದ್ದರು, ಹೆಪ್ಪು ಸಿಕ್ಕಿದ ಮೇಲೆ ತಿಂಗಳುಗಟ್ಟಲೆ ಕಾಣುತ್ತಿರಲಿಲ್ಲ. ಅವರ ಮೊಸರು ಕೆಡಲಿ ಎಂದು ನಾನು ಬಯಸಿದ್ದೂ ಉಂಟು. ಬೆಳಿಗ್ಗೆ ಮೆಟ್ರೋದಂಥ ಲೈಟ್ ರೈಲಿನಲ್ಲಿ ಆಫೀಸಿಗೆ, ಸಂಜೆ ಅದೇ ರೈಲಿನಲ್ಲಿ ವಾಪಸ್. ಕೆಲವು ದಿನ ಬಾಯಿಂದ ಒಂದೂ ಕನ್ನಡದ ಮಾತು ಹೊರಡದೆ ದಿನ ಮುಗಿಯುತ್ತಿತ್ತು.

ಇಂಥ ಹೊತ್ತಿನಲ್ಲಿ ನಮ್ಮ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಗಿರಿಜಾ ಬಂದಿದ್ದಳು. ಹುಬ್ಬಳ್ಳಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನಲ್ಲಿ. ಆರಡಿ ಒಂದಿಂಚು ಎತ್ತರ. ಅಪ್ಪ ಬಸವರಾಜ ಅವರದು ಟೈಲ್ಸ್ ಮತ್ತು ಗ್ರಾನೈಟ್ ಅಂಗಡಿ, ಅಮ್ಮ ಸುನಂದಾ ಫಾರ್ಮಸಿಸ್ಟ್. ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಸ್ಪೆಲಿಂಗ್ ಸ್ಪರ್ಧೆಯಲ್ಲಿ ಗೆಲ್ಲುತ್ತಾರೆ, ಡಾಕ್ಟರಾಗುತ್ತಾರೆ. ಪೂರ್ತಿ ಸ್ಕಾಲರ್‌ಶಿಪ್ ಪಡೆದು ಬ್ಯಾಸ್ಕೆಟ್‌ಬಾಲ್ ಆಡುವ ಕನ್ನಡದ ಹುಡುಗಿಯನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ತಂಡದವರು ಅವಳನ್ನು ‘ಜೀಜೀ’ ಎನ್ನುತ್ತಿದ್ದರು. ನಾನು ಮಾತ್ರ ಗಿರಿಜಾ ಎನ್ನುತ್ತಿದ್ದೆ. ನಾನು ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು, ‘ಆಂಟಿ’ ಒಂದನ್ನು ಬಿಟ್ಟು.

ಅವಳಿಗೆ ನಾನು ಎರಡು ವರ್ಷದಲ್ಲಿ ಒಂದು ತುತ್ತನ್ನೂ ಹಾಕಿರಲಿಲ್ಲ. ಆಟಗಾರರಿಗೆ ಬೇರೆ ವಿದ್ಯಾರ್ಥಿಗಳಿಗೆ ಸಿಗದ ಯಾವ ಅನುಕೂಲವನ್ನೂ ಸಿಬ್ಬಂದಿ ಕೊಡಬಾರದು. ಅಪರೂಪಕ್ಕೊಮ್ಮೆ ಮನೆಗೆ ಕರೆದು ಊಟ ಹಾಕಲು ನಿಯಮದಲ್ಲಿ ಅವಕಾಶವಿತ್ತು. ಆದರೆ ನಿಯಮ ಕಾಯುವವಳೇ ನಮ್ಮವಳೆಂದು ಒಬ್ಬಳನ್ನು ಕರೆದರೆ ನಾಳೆ ಕೋಚ್‌ಗಳಿಗೆ ಯಾವ ಮುಖದಲ್ಲಿ ಬುದ್ಧಿ ಹೇಳಲಿ? ಹಾಗಾಗಿ ಕಾರಿಡಾರಿನಲ್ಲಿ ಎದುರಾದಾಗ ಎರಡು ಮಾತು, ಅಷ್ಟೇ. ಆ ಎರಡು ಮಾತಿಗಾಗಿ ನಾನು ಜಿಮ್ ಕಡೆಯ ದಾರಿ ಹಿಡಿಯುತ್ತಿದ್ದೆ ಎಂಬುದನ್ನು ಈಗ ಹೇಳಲು ಅಡ್ಡಿಯಿಲ್ಲ.

ಈಗ ಆಗಿನ ಟ್ರಾನ್ಸ್‌ಫರ್ ನಿಯಮಗಳನ್ನು ಸ್ವಲ್ಪ ಹೇಳಬೇಕು. ಒಬ್ಬ ಆಟಗಾರ್ತಿ ಬೇರೆ ಕಾಲೇಜಿಗೆ ಹೋಗಬೇಕಾದರೆ ಮೊದಲು ತನ್ನ ಕಾಲೇಜಿಗೆ ಲಿಖಿತವಾಗಿ ಕೇಳಬೇಕು. ಕಾಲೇಜು ಒಪ್ಪಿದರೆ ‘ರಿಲೀಸ್’ ಸಿಗುತ್ತದೆ. ಅದಿಲ್ಲದೆ ಬೇರೆ ಕಾಲೇಜಿನ ಕೋಚ್ ಅವಳ ಜೊತೆ ಮಾತಾಡುವಂತಿಲ್ಲ, ಮೊದಲ ವರ್ಷ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ರಿಲೀಸ್ ಸಿಕ್ಕಿ ಹೋದರೂ ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ವರ್ಷ ಪಂದ್ಯ ಆಡದೆ ಕೂರಬೇಕು. ಇತ್ತ ಹಳೆಯ ಕಾಲೇಜು, ಹೋಗುತ್ತೇನೆ ಎಂದವಳ ಸ್ಕಾಲರ್‌ಶಿಪ್ಪನ್ನು ಮುಂದಿನ ವರ್ಷಕ್ಕೆ ನಿಲ್ಲಿಸಿ ಇನ್ನೊಬ್ಬರಿಗೆ ಕೊಡಬಹುದು. ಅಂದರೆ ಒಮ್ಮೆ ಸಹಿ ಹಾಕಿದರೆ ಹಿಂದೆ ಬರುವ ದಾರಿ ಕೋಚ್ ಕೈಯಲ್ಲಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಈ ಫಾರಂಗೆ ಸರಿಯಾಗಿ ಹೊಂದುತ್ತಿತ್ತು.

ಸೀಸನ್ ಮುಗಿದ ಮೇಲೆ ಕೋಚ್ ಒಬ್ಬೊಬ್ಬ ಆಟಗಾರ್ತಿಯನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡುವುದು ವಾಡಿಕೆ. ಅದಕ್ಕೆ ಎಕ್ಸಿಟ್ ಮೀಟಿಂಗ್ ಎನ್ನುತ್ತಾರೆ. ವರ್ಷ ಹೇಗಿತ್ತು, ಮುಂದೇನು ಎಂಬ ಮಾತುಕತೆ. ಇರುವವರು, ಹೋಗುವವರು ತಿಳಿಯುವುದು ಅಲ್ಲೇ. ಆ ವರ್ಷ ನಮ್ಮ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಕೋಚ್ ಡಾನಾ ಬಂದು ಒಂದೇ ವರ್ಷವಾಗಿತ್ತು. ಗಿರಿಜಾಳನ್ನು ಆರಿಸಿ ತಂದದ್ದು ಹಿಂದಿನ ಕೋಚ್. ಡಾನಾ ಅವಳನ್ನು ಪಂದ್ಯಕ್ಕೆ ನಾಲ್ಕಾರು ನಿಮಿಷ ಆಡಿಸುತ್ತಿದ್ದರು, ಕೆಲವು ಪಂದ್ಯಗಳಲ್ಲಿ ಅದೂ ಇಲ್ಲ. ಅವಳದೇ ಜಾಗಕ್ಕೆ ಇನ್ನೊಬ್ಬ ಹುಡುಗಿಯನ್ನು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಓಡಾಡುತ್ತಿತ್ತು.

ಅವಳ ಮೀಟಿಂಗ್ ಮುಗಿದ ಮಧ್ಯಾಹ್ನವೇ ಡಾನಾ ಅವರಿಂದ ನನಗೆ ಇ-ಮೇಲ್ ಬಂತು. ಗಿರಿಜಾ ಬೇರೆ ಕಡೆ ನೋಡಬೇಕೆಂದಿದ್ದಾಳೆ, ಅವಳು ಬಯಸಿದ ಯಾವ ಕಾಲೇಜಿಗಾದರೂ ಹೋಗಲಿ, ಷರತ್ತಿಲ್ಲದೆ ರಿಲೀಸ್ ಕೊಡಿ ಎಂದಿತ್ತು. ನನಗೆ ಡಾನಾ ಮೇಲೆ ಗೌರವ ಹೆಚ್ಚಿತು. ಆ ಕಾಲದಲ್ಲಿ ಎಷ್ಟೋ ಕೋಚ್‌ಗಳು ಇಂಥ ಕಾಲೇಜಿಗೆ ಹೋಗಕೂಡದು, ಅಂಥ ರಾಜ್ಯಕ್ಕೆ ಹೋಗಕೂಡದು ಎಂದು ಪಟ್ಟಿ ಹಿಡಿದು ಕೂರುತ್ತಿದ್ದರು. ಗಿರಿಜಾ ಹೋಗುತ್ತಾಳಲ್ಲ ಎಂದು ಸಂಕಟವಾಯಿತು, ನಿಜ. ಆದರೆ ಅದು ನನ್ನ ಸಂಕಟ, ಫಾರಂಗೆ ಸಂಬಂಧಿಸಿದ್ದಲ್ಲ.

ಮರುದಿನ ಬೆಳಿಗ್ಗೆ ಗಿರಿಜಾ ಬಂದಳು. ಮುಖ ಬಾಡಿತ್ತು. ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೂರುವ ಮೊದಲೇ, ಎಲ್ಲಿ ಸಹಿ ಹಾಕಬೇಕು ಎಂದು ಕೇಳಿದಳು. ಹಿಂದಿನ ಸಂಜೆ ಡಾನಾ ತಂಡಕ್ಕೆ ವಿಷಯ ತಿಳಿಸಿದ್ದರಂತೆ. ಒಂದು ಗಂಟೆಯೊಳಗೆ ತಂಡದ ಫೋನ್ ಗ್ರೂಪಿನಿಂದ ಅವಳನ್ನು ಯಾರೋ ತೆಗೆದಿದ್ದರು. ದ್ವೇಷದಿಂದಲ್ಲ, ಹೋಗುವವರನ್ನು ಗ್ರೂಪಿನಿಂದ ತೆಗೆಯುವುದು ಅಲ್ಲಿನ ರೂಢಿ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ಯಾವ ಟೇಬಲಿಗೆ ಹೋಗಬೇಕೆಂದು ತಿಳಿಯದೆ ತಟ್ಟೆಯನ್ನು ಹಾಗೇ ವಾಪಸ್ ಇಟ್ಟು ಬಂದೆ ಎಂದಳು.

“ಕುಂದ್ರವಾ” ಎಂದೆ. “ಇದಕ್ಕ ಸಹಿ ಮಾಡೂಕಿಂತ ಮೊದಲ ಒಂದು ಮಾತು. ನಿನಗ ಖರೇನ ಹೋಗೋದೈತೇನು?”

ಇದು ನಾನು ಎಲ್ಲರಿಗೂ ಕೇಳುವ ಪ್ರಶ್ನೆಯೇ. ಒತ್ತಡದಿಂದ ಯಾರೂ ಸಹಿ ಹಾಕಬಾರದು ಎಂದು ಕೇಳುತ್ತಿದ್ದೆ. ಎಲ್ಲರೂ ಹೌದು ಎಂದು ಪೆನ್ನು ತೆಗೆಯುತ್ತಿದ್ದರು. ಗಿರಿಜಾ ತೆಗೆಯಲಿಲ್ಲ. ಅವರಿಗೆ ನಾನು ಬೇಡವಾಗಿರುವಾಗ ನನಗೆ ಏನು ಬೇಕು ಅನ್ನುವುದರಿಂದ ಏನಾಗಬೇಕು ಎಂದಳು. ಹಾಗಂತ ಕೋಚ್ ಹೇಳಿದರೇ ಎಂದು ಕೇಳಿದೆ. ಹೇಳಲಿಲ್ಲ ಎಂದಳು. ಮತ್ತೆ ಹೇಗೆ ಗೊತ್ತಾಯಿತು ಎಂದದ್ದಕ್ಕೆ, “ನಾನು ಹೋಗಬಹುದೇನೋ ಅಂದೆ, ಅವರು ಸರಿ ಅಂದುಬಿಟ್ಟರು” ಎಂದು ಅಳತೊಡಗಿದಳು.

ವಿಷಯ ಪೂರ್ತಿ ಹೊರಬಿದ್ದದ್ದು ಆಮೇಲೆ. ಗಿರಿಜಾಗೆ ಹೋಗುವ ಮನಸ್ಸೇ ಇರಲಿಲ್ಲ. ನಿಮಿಷಗಳು ಕಡಿಮೆಯಾದ ಬೇಸರವಿತ್ತು, ಹೊಸ ಕೋಚ್‌ಗೆ ತಾನು ಬೇಕೋ ಬೇಡವೋ ಎಂಬ ಅನುಮಾನವಿತ್ತು. ಮನೆಯಲ್ಲಿ ಹೇಳಿಕೊಂಡಾಗ ಅಪ್ಪ-ಅಮ್ಮ ಒಂದು ಉಪಾಯ ಹೇಳಿಕೊಟ್ಟಿದ್ದರು. ಹೋಗುತ್ತೇನೆ ಎಂದು ಒಮ್ಮೆ ಅಂದು ನೋಡು. ಬೇಡ, ಹೋಗಬೇಡ, ನೀನು ನಮಗೆ ಬೇಕು ಎಂದು ಅವರೇ ಹಿಡಿದುಕೊಳ್ಳುತ್ತಾರೆ. ಆಗ ಆಟದ ನಿಮಿಷಗಳ ಮಾತೆತ್ತು. ಎದ್ದು ನಿಂತ ಗಿರಾಕಿಯನ್ನು ವಾಪಸ್ ಕರೆಯದ ಅಂಗಡಿಯವನುಂಟೇ ಎಂಬುದು ಬಸವರಾಜ ಅವರ ಲೆಕ್ಕ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾಕೆಂದರೆ ಆ ಲೆಕ್ಕ ನನಗೆ ಹುಟ್ಟಿನಿಂದ ಗೊತ್ತು. ನಮ್ಮ ಕಡೆ ಬಂದವರು “ನಾವಿನ್ನ ಬರ್ತೀವ್ರಿ” ಎಂದು ಎದ್ದರೆ ಅದು ಹೊರಡುವ ಮಾತಲ್ಲ. “ಏನ್ ಅವಸರರಿ, ಕುಂದರ್ರಿ, ಚಾ ಕುಡದು ಹೋಗೀರಂತ” ಎನ್ನಬೇಕು. ಅವರು ಕೂರುತ್ತಾರೆ. ಎರಡನೇ ಸಲ ಏಳುತ್ತಾರೆ, ಮತ್ತೆ ಕೂರಿಸಬೇಕು. ಮೂರನೇ ಸಲಕ್ಕೆ ಬಾಗಿಲ ತನಕ ಹೋಗಿ, ಅಲ್ಲಿ ನಿಂತು ಇನ್ನೊಂದು ಸುತ್ತು ಮಾತಾಗಿ, ಆಮೇಲೆ ಹೊರಡುವುದು. ನನ್ನ ಸೋದರಮಾವ ಹೀಗೆ ಏಳುತ್ತ ಕೂರುತ್ತ ಕೊನೆಯ ಬಸ್ಸು ತಪ್ಪಿಸಿಕೊಂಡು ರಾತ್ರಿ ನಮ್ಮಲ್ಲೇ ಮಲಗಿದ್ದುಂಟು. ಮೊದಲ ಸಲ ಎದ್ದಾಗಲೇ “ಹೂಂ, ಹೋಗಿ ಬರ್ರಿ” ಎಂದರೆ ಅದು ಕತ್ತು ಹಿಡಿದು ದಬ್ಬಿದಂತೆ. ಇಪ್ಪತ್ತು ವರ್ಷದ ಗಿರಿಜಾ ಫುಲ್‌ಶೀರ್‌ನಲ್ಲಿ ಬೆಳೆದರೂ ಅಂಥ ಮನೆಯ ಅನ್ನವನ್ನೇ ಉಂಡವಳು. ಡಾನಾ ಮೊದಲ ಸಲಕ್ಕೇ ಬಾಗಿಲು ತೆರೆದಿದ್ದರು.

ಸಹಿ ಹಾಕುವ ತನಕ ಏನೂ ಆಗಿಲ್ಲ, ಕೋಚ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದೆ. ಅವಳು ಒಪ್ಪಲಿಲ್ಲ. ಬೇಡ ಅಂದವರ ಮುಂದೆ ಬೇಡಿಕೊಂಡು ನಿಲ್ಲಲಾರೆ ಎಂದಳು. ಆ ಹಟವೂ ನಮ್ಮ ಕಡೆಯದೇ. ಅಮ್ಮನಿಗೆ ಫೋನ್ ಮಾಡಲೇ ಎಂದಳು. ವಿದ್ಯಾರ್ಥಿಯ ಒಪ್ಪಿಗೆಯಿಲ್ಲದೆ ಅವರ ವಿಷಯವನ್ನು ಹೆತ್ತವರ ಜೊತೆಗೂ ನಾನು ಮಾತಾಡುವಂತಿಲ್ಲ. ಹಾಗಾಗಿ ಅವಳೇ ತನ್ನ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮೇಜಿನ ಮೇಲಿಟ್ಟಳು.

ಸುನಂದಾ ಅವರ ಜೊತೆ ನಾನು ಮಾತಾಡಿದ್ದು ಅದೇ ಮೊದಲು. ನಾನು ಗದಗಿನವಳು ಎಂದು ತಿಳಿದದ್ದೇ ಅವರ ಇಂಗ್ಲಿಷ್ ಬಿದ್ದುಹೋಯಿತು. “ಹೋಗು ಅಂತ ನಾವು ಹೇಳಿರಲಿಲ್ರಿ. ಹೋಗ್ತೀನಿ ಅಂತ ಅಂದು ನೋಡು ಅಂದಿದ್ವಿ. ಅವರು ಒಂದ್ ಮಾತು ‘ಇರು’ ಅನ್ನಬಾರದೇನ್ರಿ? ಒಂದ ಮಾತು ರೀ” ಎಂದರು. ಮಗಳ ಸ್ಕಾಲರ್‌ಶಿಪ್, ಮಗಳ ತಂಡ, ಎಲ್ಲವನ್ನೂ ತಮ್ಮ ಒಂದು ಮಾತಿನಿಂದ ಕಳೆದೆವೇನೋ ಎಂಬ ಗಾಬರಿ ಅವರಿಗೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳಿಕೊಡುತ್ತಿದ್ದೆ.

ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ಅವತ್ತು ನನಗೆ ಅರ್ಥವಾಯಿತು. ಯಾರನ್ನು ಆಡಿಸಬೇಕು, ಯಾರನ್ನು ಉಳಿಸಿಕೊಳ್ಳಬೇಕು ಎಂಬುದರಲ್ಲಿ ಕಂಪ್ಲಯನ್ಸ್ ಆಫೀಸರ್ ಮೂಗು ತೂರಿಸುವಂತಿಲ್ಲ. ಇರು ಎಂದು ವಿದ್ಯಾರ್ಥಿಗೆ ಹೇಳುವಂತಿಲ್ಲ, ಹೋಗು ಎಂದೂ ಹೇಳುವಂತಿಲ್ಲ. ಆದರೆ ಲಿಖಿತ ಕೋರಿಕೆ ವಿದ್ಯಾರ್ಥಿಯ ನಿಜವಾದ ಇಚ್ಛೆಯೇ ಎಂದು ಖಚಿತಪಡಿಸಿಕೊಳ್ಳುವುದು ನನ್ನ ಕರ್ತವ್ಯವೇ ಆಗಿತ್ತು. ನಾನು ಆ ಎಳೆ ಹಿಡಿದೆ. ಕೋಚ್ ಜೊತೆ ನಾನು ಮಾತಾಡಬಹುದೇ ಎಂದು ಗಿರಿಜಾಳನ್ನು ಕೇಳಿದೆ. ಮಾತಾಡಿ, ಆದರೆ ನನ್ನ ಪರವಾಗಿ ಬೇಡಿಕೊಳ್ಳಬೇಡಿ ಎಂದಳು.

ಡಾನಾ ಜಿಮ್‌ನಲ್ಲಿ ಒಬ್ಬರೇ ಇದ್ದರು. ಸೀಸನ್ ಮುಗಿದ ಜಿಮ್‌ನಷ್ಟು ಖಾಲಿ ಜಾಗ ಇನ್ನೊಂದಿಲ್ಲ. ಅವರು ಪಶ್ಚಿಮ ಟೆಕ್ಸಸ್‌ನ ದನಕರುಗಳ ಸೀಮೆಯಿಂದ ಬಂದವರು, ಮಾತು ಕಡಿಮೆ. ನಾನು ಬಂದದ್ದನ್ನು ಕಂಡು, ಏನು ತಪ್ಪಾಯಿತು ಎಂಬಂತೆ ಎದ್ದು ನಿಂತರು. ತಪ್ಪೇನಿಲ್ಲ ಎಂದು ಕೂರಿಸಿ, ನಮ್ಮ ಕಡೆಯ ಮೂರು ಸಲ ಏಳುವ, ಮೂರು ಸಲ ಕೂರಿಸುವ ಪದ್ಧತಿಯನ್ನು ವಿವರಿಸಿದೆ. ಸೋದರಮಾವನ ಬಸ್ಸಿನ ಕಥೆಯನ್ನೂ ಹೇಳಿದೆ. ಅವರು ನಗಲಿಲ್ಲ.

“ನಮ್ಮ ಮನೆಯಲ್ಲಿ ಯಾರಾದರೂ ಹೊರಡುತ್ತೇನೆ ಎಂದರೆ ಅವರ ಚೀಲ ಎತ್ತಿ ಗಾಡಿಗೆ ಇಡುತ್ತಿದ್ದೆವು. ಅದೇ ಮರ್ಯಾದೆ” ಎಂದರು.

ಆಮೇಲೆ ತಮ್ಮ ಕಥೆ ಹೇಳಿದರು. ಅವರು ಕಾಲೇಜಿನಲ್ಲಿ ಆಡುತ್ತಿದ್ದಾಗ ತಾಯಿಗೆ ಕಾಯಿಲೆಯಾಗಿ, ಊರಿನ ಹತ್ತಿರದ ಕಾಲೇಜಿಗೆ ಹೋಗಬೇಕೆಂದು ಕೇಳಿದ್ದರು. ಅವರ ಕೋಚ್ ರಿಲೀಸ್ ಕೊಡಲಿಲ್ಲ. ನೀನು ನಮಗೆ ಬೇಕು ಎಂದೇ ಹೇಳುತ್ತ ಬಿಡಲಿಲ್ಲ. ಡಾನಾ ಅಲ್ಲೇ ಉಳಿದರು, ತಾಯಿ ಹೋದಾಗ ಹತ್ತಿರ ಇರಲಿಲ್ಲ. ತಾನು ಕೋಚ್ ಆದರೆ ಹೋಗುತ್ತೇನೆ ಎಂದವರ ದಾರಿಗೆ ಎಂದೂ ಅಡ್ಡ ನಿಲ್ಲಬಾರದು ಎಂದು ಅಂದೇ ತೀರ್ಮಾನಿಸಿದ್ದರು. ಗಿರಿಜಾಗೆ ಅವರು ಕೊಟ್ಟದ್ದು ತಮಗೆ ಯಾರೂ ಕೊಡದಿದ್ದ ವಸ್ತು. ಅವಳಿಗೆ ಅದು ತಿರಸ್ಕಾರವಾಗಿ ಕಂಡಿತ್ತು. ಇಬ್ಬರ ಮೇಲೂ ನನಗೆ ಮರುಕವಾಯಿತು.

“ಅವಳು ಇರಬೇಕು ಅಂತ ನಿಮಗೆ ಅನಿಸುತ್ತದೆಯೇ?” ಎಂದು ಕೇಳಿದೆ.

ಅನಿಸುತ್ತದೆ ಎಂದರು ಡಾನಾ. ಬೆಂಚಿನ ಮೇಲೆ ಕೂತೇ ಎದುರಾಳಿಗಳ ತಂತ್ರವನ್ನು ಎಲ್ಲರಿಗಿಂತ ಮೊದಲು ಗುರುತಿಸಿ ಕೂಗಿ ಹೇಳುವವಳು ಅವಳು, ಅವಳಿದ್ದರೆ ಲಾಕರ್ ರೂಮಿನಲ್ಲಿ ಜಗಳ ಕಡಿಮೆ ಎಂದರು. “ಆದರೆ ನಾನು ಇರು ಎಂದು, ಮುಂದಿನ ವರ್ಷವೂ ಅವಳನ್ನು ಬೆಂಚಿನಲ್ಲೇ ಕೂರಿಸಿದರೆ ಅದು ಮೋಸವಲ್ಲವೇ? ನಿಮಿಷಗಳ ಭರವಸೆ ನಾನು ಕೊಡಲಾರೆ.”

“ಅದನ್ನೂ ಹೇಳಿ. ಆದರೆ ಅವಳು ಬೇಕು ಎಂಬುದನ್ನು ಮೊದಲು ಹೇಳಿ” ಎಂದೆ.

“ಅವಳು ಕೇಳಲಿಲ್ಲವಲ್ಲ.”

“ಕೋಚ್, ಹೋಗುತ್ತೇನೆ ಎಂದಾಗ ಅವಳು ಕೇಳಿದ್ದೇ ಅದನ್ನು” ಎಂದೆ.

ಡಾನಾ ಆ ಮಧ್ಯಾಹ್ನ ಗಿರಿಜಾಳನ್ನು ಮತ್ತೆ ಕರೆಸಿದರು. ನಾನು ಅಲ್ಲಿರಲಿಲ್ಲ, ಇರಲೂ ಬಾರದು. ಆಫೀಸಿನಲ್ಲಿ ಕೂತು ಯಾವುದೋ ವರದಿಯ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದೆ. ಗಿರಿಜಾ ಬಂದು ಬಾಗಿಲಲ್ಲಿ ನಿಂತಳು. ಕಣ್ಣು ಕೆಂಪಗಿದ್ದವು, ಮುಖ ಮಾತ್ರ ಬೆಳಗಿನದಲ್ಲ. “ಇರು ಅಂದ್ರು, ಆಂಟಿ” ಎಂದಳು. ಎರಡು ವರ್ಷದಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡದ ವಾಕ್ಯ ಅದು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಫಾರಂ ಹರಿದು ಬುಟ್ಟಿಗೆ ಹಾಕಲು ಕೈ ಚಾಚಿದೆ. ಅವಳು ತಡೆದಳು. ಸೋಮವಾರದ ತನಕ ಇಟ್ಟಿರಿ, ಊರಿಗೆ ಹೋಗಿ ಬರುತ್ತೇನೆ ಎಂದು ಹ್ಯೂಸ್ಟನ್ ಬಸ್ಸು ಹತ್ತಿದಳು.

ಸೋಮವಾರ ಬಂದವಳು ಈ ಸಲ ನಿಧಾನವಾಗಿ ಕೂತಳು. “ಹೋಗ್ತೀನಿ ಆಂಟಿ. ಈ ಸಲ ಖರೇನ” ಎಂದಳು.

ನನಗೆ ಸಿಟ್ಟೇ ಬಂತು. ನಿಯಮದ ಅಂಚಿನ ಮೇಲೆ ನಡೆದು ಇಷ್ಟೆಲ್ಲ ಮಾಡಿದ್ದು ಇದಕ್ಕೇನು ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ. ಅವಳು ಇಂಗ್ಲಿಷಿಗೆ ತಿರುಗಿ ಸಮಾಧಾನದಿಂದ ವಿವರಿಸಿದಳು. ಕೋಚ್ ನಿಜ ಹೇಳಿದರು. ನೀನು ಬೇಕು, ಆದರೆ ನಿಮಿಷಗಳ ಭರವಸೆ ಇಲ್ಲ ಎಂದರು. ನನಗೆ ಆಡಬೇಕು. ಒಂದು ವರ್ಷ ಕೂತರೂ ಆಮೇಲೆ ಎರಡು ವರ್ಷ ಆಡಬಹುದು. ಅವತ್ತೇ ಸಹಿ ಹಾಕಿದ್ದರೆ, ನನ್ನಲ್ಲಿ ಏನು ಕೊರತೆಯಿತ್ತು ಎಂದು ಜೀವನಪೂರ್ತಿ ಕೇಳಿಕೊಳ್ಳುತ್ತಿದ್ದೆ. ಈಗ ಇದು ಬರೀ ಬ್ಯಾಸ್ಕೆಟ್‌ಬಾಲ್. ಇಷ್ಟು ಹೇಳಿ ಸಹಿ ಹಾಕಿದಳು.

ಅವಳು ಹೋದ ಮೇಲೆ ನನ್ನ ಅವ್ವ ನೆನಪಾದಳು. ನಮ್ಮದು ಎರಡು ಕೋಣೆಯ ಮನೆ, ಏಳು ಜನ. ಬಂದವರನ್ನು ಅವ್ವ ಇರ್ರಿ ಇರ್ರಿ ಎಂದು ಒತ್ತಾಯ ಮಾಡುತ್ತಿದ್ದಳಲ್ಲ, ಅವರು ನಿಜವಾಗಿ ಉಳಿದರೆ ಅವಳಿಗೇ ಮಲಗಲು ಜಾಗವಿರಲಿಲ್ಲ. ಅವರು ಉಳಿಯಲಿ ಎಂದಲ್ಲ ಆ ಮಾತು. ಹೋಗುವವರು ತಾವು ಹೆಚ್ಚಾದೆವು ಎಂದುಕೊಂಡು ಹೋಗಬಾರದು, ಅದಕ್ಕೆ. ಇಷ್ಟು ವರ್ಷ ನಾನೂ ಅದನ್ನು ಉಳಿಸಿಕೊಳ್ಳುವ ಮಾತೆಂದೇ ತಿಳಿದಿದ್ದೆ, ಸುನಂದಾ ಅವರಂತೆ. ಇಪ್ಪತ್ತರ ಹುಡುಗಿ ಅದನ್ನು ಸರಿಯಾಗಿ ಬಳಸಿಕೊಂಡು ಎದ್ದುಹೋದಳು.

ಲಾಕರ್ ಖಾಲಿ ಮಾಡುವುದು ಸಾಮಾನ್ಯವಾಗಿ ಒಬ್ಬರೇ ಮಾಡುವ ಕೆಲಸ, ಉಳಿದವರು ತರಗತಿಯಲ್ಲಿರುವ ಹೊತ್ತು ನೋಡಿ. ಗಿರಿಜಾ ಜೊತೆ ತಂಡದ ಇಬ್ಬರು ಹುಡುಗಿಯರಿದ್ದರು. ಮೇ ತಿಂಗಳಲ್ಲಿ ಅವಳು ಆಸ್ಟಿನ್ ಕಡೆಯ ಒಂದು ಕಾಲೇಜಿಗೆ ಹೋದಳು. ನಾನು ಜಿಮ್ ಕಡೆಯ ದಾರಿ ಬಿಟ್ಟೆ. ಆ ಬೇಸಿಗೆ ನನಗೆ ಬಹಳ ಉದ್ದವಾಗಿತ್ತು. ಹೆಪ್ಪು ಕೇಳುವ ಹುಡುಗರೂ ಊರಿಗೆ ಹೋಗಿದ್ದರು.

ಆ ಪ್ರಕರಣದ ನಂತರ ನನ್ನ ಕೆಲಸದ ಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಮಾಡಿಕೊಂಡೆ. ಟ್ರಾನ್ಸ್‌ಫರ್ ಕೇಳಿ ಬಂದವರಿಗೆ ಫಾರಂ ಕೊಡುವ ಮೊದಲು, ಇರು ಎಂದು ನಿಮಗೆ ಯಾರಾದರೂ ಹೇಳಿದರೇ ಎಂದು ಕೇಳುತ್ತಿದ್ದೆ. ಹೌದು ಎಂದವರು ಬೇಗ ಸಹಿ ಹಾಕುತ್ತಿದ್ದರು. ಇಲ್ಲ ಎಂದವರು ಕಿಟಕಿಯಾಚೆ ನೋಡುತ್ತ ಕೂರುತ್ತಿದ್ದರು. ಏಳಡಿಗೆ ನಾಲ್ಕು ಬೆರಳು ಕಡಿಮೆಯಿದ್ದ ಒಬ್ಬ ಹುಡುಗ ಆ ಪ್ರಶ್ನೆ ಕೇಳಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ. ಅಂಥವರನ್ನು ಒಮ್ಮೆ ಕೋಚ್ ಹತ್ತಿರ ಕಳಿಸಿ ಬರಹೇಳುತ್ತಿದ್ದೆ. ಕೆಲವರು ಉಳಿದರು, ಹೆಚ್ಚಿನವರು ಹೋದರು. 2018ರ ಅಕ್ಟೋಬರಿನಲ್ಲಿ ನಿಯಮವೇ ಬದಲಾಯಿತು. ಯಾರ ಒಪ್ಪಿಗೆಯೂ ಬೇಡ, ಹೋಗುತ್ತೇನೆ ಎಂದು ಬರೆದುಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಹೆಸರನ್ನು ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸಬೇಕು. ಆಟಗಾರರಿಗೆ ಅದು ನ್ಯಾಯವೇ, ಡಾನಾ ಅವರ ತಾಯಿಯ ಕಥೆ ಇನ್ನು ಯಾರಿಗೂ ಆಗದು. ಆದರೆ ನನ್ನ ಎದುರಿನ ಕುರ್ಚಿ ಖಾಲಿಯಾಯಿತು. ಇ-ಮೇಲ್ ಬರುತ್ತಿತ್ತು, ಹೆಸರು ಸೇರಿಸುತ್ತಿದ್ದೆ.

2019ರ ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಗಿರಿಜಾಳ ಹೊಸ ತಂಡಕ್ಕೆ ಹ್ಯೂಸ್ಟನ್‌ನಲ್ಲಿ ಪಂದ್ಯವಿತ್ತು. ಅದು ಅವಳ ಕೊನೆಯ ವರ್ಷ, ನನಗೂ ಕೆಲಸದ ಕೊನೆಯ ವರ್ಷ. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಆರಂಭದಿಂದಲೇ ಆಡಿದಳು. ಬಹಳ ಚೆನ್ನಾಗಿ ಆಡಿದಳು ಎಂದರೆ ಅಭಿಮಾನದ ಮಾತಾದೀತು. ಓಡಿದಳು, ಬಿದ್ದಳು, ಎದ್ದಳು, ಬೆವರಿದಳು, ಪಂದ್ಯ ಸೋತಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ನನ್ನನ್ನು ತಬ್ಬಿಕೊಂಡು ತಂಡದ ಬಸ್ಸಿಗೆ ಓಡಿದಳು.

ಅವಳ ಅಪ್ಪ-ಅಮ್ಮನನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಸುನಂದಾ ನನ್ನ ಕೈ ಹಿಡಿದುಕೊಂಡೇ ಮಾತಾಡಿದರು. “ಆ ಕೋಚ್ ಇರು ಅಂದ್ರಲ್ರಿ. ಇಲ್ಲಂದ್ರ ನನ್ನ ಮಗಳು ಇವತ್ತಿಗೂ ಅದನ್ನ ನೆನಸಿ ಅಳ್ತಿದ್ಲು” ಎಂದರು. ಮನೆಗೆ ಬರ್ರಿ, ರಾತ್ರಿ ಇದ್ದು ನಾಳೆ ಹೋಗೀರಂತ ಎಂದು ಕರೆದರು. ಇಲ್ರಿ, ನಾಳೆ ಆಫೀಸೈತಿ ಎಂದೆ. ಆಫೀಸಿಗೆ ರಜೆ ಹಾಕಿಯೇ ಬಂದಿದ್ದೆ. ಪಾರ್ಕಿಂಗ್ ಲಾಟಿನಲ್ಲಿ ಎರಡನೇ ಸಲ ಕರೆದರು. ಬ್ಯಾಡ್ರಿ, ನಿಮಗ್ಯಾಕ ತ್ರಾಸ ಎಂದೆ. ಮೂರನೇ ಸಲಕ್ಕೆ ಹೂಂ ಎನ್ನುವುದೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಸುನಂದಾ ಮೂರನೇ ಸಲ ಕರೆಯಲಿಲ್ಲ. ಟೆಕ್ಸಸ್‌ನಲ್ಲಿ ಅಷ್ಟು ವರ್ಷ ಇದ್ದು ಅವರೂ ಕಲಿತಿದ್ದರು. ಹುಷಾರಾಗಿ ಡ್ರೈವ್ ಮಾಡ್ರಿ ಎಂದು ನನ್ನ ಕಾರಿನ ಬಾಗಿಲು ಹಾಕಿದರು.

ಹ್ಯೂಸ್ಟನ್ ಹೊರಗಿನ ಕಾನ್ರೋ ಊರು ದಾಟುವ ತನಕ ನನಗೆ ಅವರ ಮೇಲೆ ಬೇಜಾರು. ಆಮೇಲೆ ನನ್ನ ಮೇಲೇ ನಗು ಬಂತು, ಹಿಂದೆಯೇ ಅಳುವೂ ಬಂತು. ಎಷ್ಟೊಂದು ಆಟಗಾರರನ್ನು ಎದುರು ಕೂರಿಸಿಕೊಂಡು, ನಿನಗೆ ನಿಜವಾಗಿ ಏನು ಬೇಕು ಹೇಳು ಎಂದು ಕೇಳಿದವಳು ನಾನು. ಇರು ಎನ್ನಬೇಕಾದವರು ಒಮ್ಮೆ ಬಾಯಿಬಿಟ್ಟು ಅನ್ನಬೇಕು, ಇರಬೇಕು ಅನಿಸಿದವರು ಬಾಯಿಬಿಟ್ಟು ಹೇಳಬೇಕು, ಮಿಕ್ಕದ್ದನ್ನು ಯಾವ ನಿಯಮವೂ ತುಂಬಿಕೊಡುವುದಿಲ್ಲ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಹೆದ್ದಾರಿಯ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಬಂಕಿನ ಪಕ್ಕ ಕಾರು ನಿಲ್ಲಿಸಿ ಸುನಂದಾ ಅವರಿಗೆ ಫೋನ್ ಮಾಡಿದೆ.

“ನನಗ ನಾಳೆ ಆಫೀಸಿಲ್ರಿ. ನಿಮ್ಮ ಮನೀಗೆ ಬರಬೇಕನಸೇತಿ. ವಾಪಸ್ ಬರಲೇನು?”

ಸುನಂದಾ, “ನಮ್ಮ ಕಾಲೊನಿ ಗೇಟ್ ತಗ್ಯಾಕ ಕೋಡ್ ನಂಬರ್ ಐತ್ರಿ, ಹೇಳ್ತೀನಿ ಬರ್ಕೋರಿ” ಎಂದರು.